ನೋಟಿಫಿಕೇಶನ್ ಬಂದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ

ವಾಟ್ಸಾಪ್‌ನಲ್ಲಿ ಬಂದ ಸರ್ಕಾರಿ ನೋಟಿಫಿಕೇಶನ್ (ಅಧಿಸೂಚನೆ) ಪಿಡಿಎಫ್ ತೋರಿಸಿ "ಸರ್, ಇನ್ನು ಇದು ಬೇಡವಂತೆ" ಎನ್ನುವವರು ಈ ತಿಂಗಳೂ ಜಾಸ್ತಿ. ಹಾಗಾಗಿ ಓದುಗರ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚುಟುಕು.

ಕಾರ್ಕಳದಲ್ಲಿ ನಮ್ಮ ಗೇರುಬೀಜ ಕಾರ್ಖಾನೆ ಇದೆ. 2020ರಲ್ಲಿ ಸರ್ಕಾರ ಒಂದು ನೋಟಿಫಿಕೇಶನ್‌ನಲ್ಲೇ ದಿನಕ್ಕೆ 10 ಗಂಟೆ ಕೆಲಸಕ್ಕೆ ಅವಕಾಶ ಕೊಟ್ಟಿತ್ತು. ಬ್ರಿಟನ್‌ನಲ್ಲಿ ಮಂತ್ರಿಯ ಆದೇಶದಲ್ಲೇ ಕಾಯ್ದೆ ತಿದ್ದುತ್ತಾರಂತೆ. ಹಳೆ ಕಾಯ್ದೆಗಳ ಕಿರಿಕಿರಿಯನ್ನು ಇಲ್ಲೂ ಹಾಗೇ ತೆಗೆಯಬಾರದೇ?

ಆ 10 ಗಂಟೆಯ ಕತೆಯನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. ಮೇ ತಿಂಗಳಲ್ಲಿ ಬಂದ ಆ ಆದೇಶ ಹೈಕೋರ್ಟ್ ಮೆಟ್ಟಿಲೇರಿತು, ಜೂನ್‌ನಲ್ಲಿ ಸರ್ಕಾರವೇ ವಾಪಸ್ ಪಡೆಯಿತು. ಗುಜರಾತಿನ ಇಂಥದ್ದೇ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಅಕ್ಟೋಬರ್ 1ರಂದು ರದ್ದು ಮಾಡಿತು. ಕಾರ್ಖಾನೆ ಕಾಯ್ದೆಯ 5ನೇ ಸೆಕ್ಷನ್ ವಿನಾಯಿತಿಗೆ ಅವಕಾಶ ಕೊಟ್ಟದ್ದು ಯುದ್ಧದಂಥ ತುರ್ತು ಸ್ಥಿತಿಗೆ. ಕೋವಿಡ್ ಆ ಲೆಕ್ಕಕ್ಕೆ ಬರುವುದಿಲ್ಲ ಎಂದಿತು ಕೋರ್ಟ್.

ಬ್ರಿಟನ್ ವಿಷಯ ನಿಜ. ಉದ್ಯಮದ ಹೊರೆ ಇಳಿಸಲು ಆದೇಶದಲ್ಲೇ ಕಾಯ್ದೆ ತಿದ್ದುವ ಅಧಿಕಾರವನ್ನು 2006ರ ಕಾಯ್ದೆಯೊಂದು ಅಲ್ಲಿನ ಮಂತ್ರಿಗಳಿಗೆ ಕೊಟ್ಟಿದೆ. ಆದರೆ ಮೊದಲು ಸಂಬಂಧಪಟ್ಟವರನ್ನು ಕೇಳಬೇಕು. ಜನರಿಗೆ ಬೇಕಾದ ರಕ್ಷಣೆ ಕಿತ್ತುಹಾಕುವಂತಿಲ್ಲ, ತೆರಿಗೆ ಹಾಕುವಂತಿಲ್ಲ. ಸಂಸತ್ತಿನ ಸಮಿತಿಗಳೂ ನೋಡುತ್ತವೆ. ಇಷ್ಟಿದ್ದೂ ಮಸೂದೆ ಬಂದಾಗ ಅಲ್ಲಿನವರು ಅದನ್ನು 'ಸಂಸತ್ ರದ್ದತಿ ಮಸೂದೆ' ಎಂದು ಗೇಲಿ ಮಾಡಿದ್ದರು.

ನಮ್ಮಲ್ಲಿ ಸುಪ್ರೀಂ ಕೋರ್ಟಿನ 1951ರ ದೆಹಲಿ ಕಾನೂನುಗಳ ಕೇಸಿನಿಂದ ಗೆರೆ ಬಿಗಿ. ಮೂಲ ನೀತಿ ಶಾಸಕಾಂಗದ್ದು, ವಿವರ ಮಾತ್ರ ಸರ್ಕಾರದ್ದು. ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ ತಾಳಮದ್ದಲೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ಸರಿ, ಕರ್ಣಪರ್ವದಲ್ಲಿ ಕರ್ಣನನ್ನು ಬದುಕಿಸಲು ಪಾತ್ರದ ಮಾತಾಡುವ ಅರ್ಥಧಾರಿಗೆ ಅಧಿಕಾರ ಇಲ್ಲ. ಸಣ್ಣ ತಪ್ಪುಗಳ ಶಿಕ್ಷೆ ಸಡಿಲಿಸಲು ಬಂದ 2023ರ ಜನ ವಿಶ್ವಾಸ್ ಕಾಯ್ದೆ 42 ಕೇಂದ್ರ ಕಾಯ್ದೆಗಳ 183 ಅಂಶ ತಿದ್ದಿತಲ್ಲ, ನೋಟಿಫಿಕೇಶನ್ ಸಾಕಾಗಿದ್ದರೆ ಸಂಸತ್ತಿಗೆ ಯಾಕೆ ಹೋಗಬೇಕಿತ್ತು?

ಹಾಗೆಂದು ಕೈಕಟ್ಟಿ ಕೂರಬೇಡಿ. ನಿಮಗೆ ನಿಜವಾಗಿ ಕಿರಿಕಿರಿ ಕೊಡುವ ಫಾರ್ಮ್, ರಿಜಿಸ್ಟರ್, ಶುಲ್ಕ, ಗಡುವು ಹೆಚ್ಚಾಗಿ ಇರುವುದು ಕಾಯ್ದೆಯಲ್ಲಲ್ಲ, ಅದರಡಿ ಸರ್ಕಾರ ಮಾಡುವ ನಿಯಮಗಳಲ್ಲಿ. ಅದನ್ನು ಸರ್ಕಾರ ತಾನೇ ಬದಲಿಸಬಹುದು. ನೀವೋ ಮನವಿಯಲ್ಲಿ "ಕಾಯ್ದೆ ಸರಳಗೊಳಿಸಿ" ಎಂದು ಬರೆಯುತ್ತೀರಿ. ಅದನ್ನು ಓದಿದ ಅಧಿಕಾರಿ ಏನು ಮಾಡಬೇಕು? ಯಾವ ನಿಯಮ, ಯಾವ ಫಾರ್ಮ್, ನಂಬರ್ ಹಾಕಿ ಬರೆಯಿರಿ. ಕರಡು ನಿಯಮ ಗೆಜೆಟ್‌ಗೆ ಬಂದು ಆಕ್ಷೇಪಣೆ ಕೇಳಿದಾಗ ನಮ್ಮೂರವರ ಪತ್ರ ನಾನು ಕಂಡದ್ದು ಕಡಿಮೆ. ಚಾ ಕುಡಿಯುತ್ತಾ ಬೈಯುವವರು ಮಾತ್ರ ಎಲ್ಲ ಹೋಟೆಲಿನಲ್ಲೂ ಇದ್ದಾರೆ.

ಆದೇಶ ಸಿಕ್ಕಿದರೆ ಮೊದಲ ಸಾಲು ಓದಿ. 'ಇಂಥ ಕಾಯ್ದೆಯ ಇಂಥ ಪ್ರಕರಣದ (ಅಂದರೆ ಸೆಕ್ಷನ್‌ನ) ಅಧಿಕಾರ ಚಲಾಯಿಸಿ' ಎಂದು ಇರಬೇಕು. ಆ ಸೆಕ್ಷನ್ ತೆಗೆದು ನೋಡಿ, ಅಷ್ಟು ಅಧಿಕಾರ ಅದರಲ್ಲಿ ಇದೆಯಾ ಎಂದು. ಪೇಪರಿನಲ್ಲಿ ಸುದ್ದಿ ಬಂತೆಂದು ರಿಜಿಸ್ಟರ್ ಬರೆಯುವುದನ್ನೇ ನಿಲ್ಲಿಸಿದ ಕಕ್ಷಿದಾರರೊಬ್ಬರ ಕೇಸು ನಡೆಸಿ ನನಗೆ ಬುದ್ಧಿ ಬಂದಿದೆ. ಗೆಜೆಟ್ ಪ್ರತಿ ಕೈಗೆ ಬರುವವರೆಗೆ ಹಳೆಯದನ್ನೇ ಪಾಲಿಸಿ ಎನ್ನುತ್ತೇನೆ. ಹೆದರುಪುಕ್ಕಲ ಅಂದರೂ ಬೇಜಾರಿಲ್ಲ.

ಮಣಿಪಾಲದಲ್ಲಿ ಅಂಗಡಿ, 12 ಜನ ಕೆಲಸಕ್ಕಿದ್ದಾರೆ. 24 ಗಂಟೆ ತೆರೆಯಬಹುದೆಂಬ 2021ರ ಆದೇಶ ಇರುವಾಗ ವಾರದ ರಜೆ ಕೊಡಬೇಕಾ?

ಕೊಡಬೇಕು. 24 ಗಂಟೆ ಹೇಳಿದ್ದು ಅಂಗಡಿಗೆ, ಹುಡುಗರಿಗೆ ಅಲ್ಲ. ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಎಂಬ ಷರತ್ತು ಅದೇ ಆದೇಶದಲ್ಲಿದೆ. ಅದಕ್ಕೆ ಮೂರು ವರ್ಷದ ಆಯುಷ್ಯ ಎಂಬುದೂ ಅದರಲ್ಲೇ ಇದೆ. ಈಗ ಜಾರಿಯಲ್ಲಿರುವ ಆದೇಶದ ತಾರೀಕು ನೋಡದೆ ಷಟರ್ ಎತ್ತಬೇಡಿ.

ಸುರತ್ಕಲ್‌ನಲ್ಲಿ ಬ್ಯೂಟಿ ಪಾರ್ಲರ್ ಇದೆ. ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಲ್ವಾ?

ಅದು 2019ರ ಏಪ್ರಿಲ್‌ನಿಂದ ಸರಕು ಮಾತ್ರ ಮಾರುವವರಿಗೆ. ನಿಮ್ಮದು ಸೇವೆ, 20 ಲಕ್ಷ.

ಏಜೆಂಟ್ ಒಬ್ಬರು ಐದು ಸಾವಿರಕ್ಕೆ 'ವಿನಾಯಿತಿ ಸರ್ಟಿಫಿಕೇಟ್' ಮಾಡಿಸಿ ಕೊಡುತ್ತಾರಂತೆ.

ಸಾರ್ವತ್ರಿಕ ವಿನಾಯಿತಿಗೆ ಸರ್ಟಿಫಿಕೇಟ್ ಇರುವುದಿಲ್ಲ. ದುಡ್ಡು ಕೊಟ್ಟಾಗಿದ್ದರೆ ವಾಪಸ್ ಕೇಳಿ. ಸಿಗುವುದು ಕಷ್ಟ.