ಎರಡು ‘ಆರ್’ ಕೂಡಿಸಿದರೆ ‘ಎಸ್’ ಆಗುತ್ತದಾ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಮೂತ್ರದ ಸೋಂಕಾಗಿ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದೇವೆ. ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣು ಅಂತ ಬರೆದು, ಒಂದೊಂದು ಔಷಧದ ಮುಂದೂ ‘ಆರ್’ (ರೆಸಿಸ್ಟೆಂಟ್, ಅಂದರೆ ನಾಟದು) ಹಾಕಿದ್ದಾರೆ, ‘ಎಸ್’ (ಅಂದರೆ ನಾಟುತ್ತದೆ) ಒಂದೂ ಇಲ್ಲ. ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಆರ್. ಎರಡು ಔಷಧ ಕೂಡಿಸಿ ಲ್ಯಾಬಿನಲ್ಲಿ ನೋಡಿಸೋಣ ಅನ್ನುತ್ತಾರೆ ಡಾಕ್ಟರು. ಒಂದೊಂದಾಗಿ ನಾಟದವು ಕೂಡಿಸಿದರೆ ನಾಟುತ್ತವಾ? ಸುಮ್ನೆ ಖರ್ಚಲ್ವಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಗಂಗಾವತಿಯವರು ಅಂದಮೇಲೆ ಭತ್ತಕ್ಕೆ ಎಣ್ಣೆ ಹೊಡೆಯುವುದನ್ನು ನೋಡಿರುತ್ತೀರಿ. ಎರಡು ಡಬ್ಬಿ ಒಂದೇ ಟ್ಯಾಂಕಿಗೆ ಸುರಿದರೆ ಒಮ್ಮೊಮ್ಮೆ ಹಾಲು ಒಡೆದ ಹಾಗೆ ಒಡೆಯುತ್ತದೆ. ಆಂಟಿಬಯೋಟಿಕ್‌ಗಳಲ್ಲೂ ಎಲ್ಲ ಜೋಡಿ ಕೂಡಿ ಬರುವುದಿಲ್ಲ. 1951ರಲ್ಲಿ ಅಮೆರಿಕದಲ್ಲಿ ಮೆದುಳುಪೊರೆಯ ಸೋಂಕಿಗೆ ಪೆನಿಸಿಲಿನ್ ಜೊತೆ ಟೆಟ್ರಾಸೈಕ್ಲಿನ್ ಜಾತಿಯ ಔಷಧವನ್ನೂ ಕೊಟ್ಟರು. ಬರೀ ಪೆನಿಸಿಲಿನ್ ಪಡೆದವರಿಗಿಂತ ಇವರಲ್ಲೇ ಸಾವು ಜಾಸ್ತಿ ಆಯಿತು. ಅದಕ್ಕೇ ನೋಡಿ ಕೂಡಿಸಬೇಕು.

ನಿಮ್ಮ ಡಾಕ್ಟರಿಗೆ ಎನ್‌ಡಿಎಂ ಎಂಬ ಕಿಣ್ವದ ಮೇಲೆ ಅನುಮಾನ ಇದ್ದಂತಿದೆ. (ಅದರ ಹೆಸರಲ್ಲೇ ನವದೆಹಲಿ ಇದೆ. ಅಲ್ಲಿ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ರೋಗಿಯಲ್ಲಿ 2008ರಲ್ಲಿ ಮೊದಲು ಸಿಕ್ಕಿತು.) ಇದು ಮೆರೊಪೆನೆಮ್ ಅನ್ನು ತುಂಡರಿಸುತ್ತದೆ, ಆಜ್ಟ್ರಿಯೋನಾಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಅನ್ನು ಮುಟ್ಟಲಾರದು. ಆದರೆ ಅದೇ ರೋಗಾಣುವಿನ ಹತ್ತಿರ ಆಜ್ಟ್ರಿಯೋನಾಮ್ ಕಡಿಯುವ ಬೇರೆ ಕಿಣ್ವಗಳೂ ಇರುತ್ತವೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಅಂತ ಇನ್ನೊಂದು ಇಂಜೆಕ್ಷನ್ ಇದೆ. ಅದರಲ್ಲಿನ ಅವಿಬ್ಯಾಕ್ಟಮ್ ಈ ಬೇರೆ ಕಿಣ್ವಗಳ ಕೈ ಕಟ್ಟುತ್ತದೆ, ಎನ್‌ಡಿಎಂ ಮುಂದೆ ಮಾತ್ರ ಅದರ ಆಟ ನಡೆಯದು. ಹೀಗಾಗಿ ಎರಡಕ್ಕೂ ಬೇರೆಬೇರೆಯಾಗಿ ‘ಆರ್’. ಜೊತೆಯಾದರೆ ಕಥೆಯೇ ಬೇರೆ: ಅವಿಬ್ಯಾಕ್ಟಮ್ ಬೇರೆ ಕಿಣ್ವಗಳನ್ನು ತಡೆದರೆ, ಆಜ್ಟ್ರಿಯೋನಾಮ್ ರೋಗಾಣುವಿಗೆ ನಾಟಬಹುದು.

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ನಾಲ್ಕು ಟ್ಯೂಬಿಗೆ ಬ್ರಾತ್ (ರೋಗಾಣು ಬೆಳೆಯುವ ಪೋಷಕ ದ್ರವ) ಹಾಕುತ್ತೇವೆ. ಮೊದಲನೆಯದಕ್ಕೆ ಔಷಧವಿಲ್ಲ. ಎರಡು, ಮೂರಕ್ಕೆ ಒಂದೊಂದು ಔಷಧದ ಕಾಗದದ ಬಿಲ್ಲೆ. ನಾಲ್ಕನೆಯದಕ್ಕೆ ಎರಡೂ. ಬಿಲ್ಲೆಯ ಔಷಧ ಬ್ರಾತಿಗೆ ಇಳಿದ ಮೇಲೆ ರೋಗಾಣು ಬಿಟ್ಟು, 35 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಇಡುತ್ತೇವೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಹೊರಗಿಗಿಂತ ಅದರೊಳಗೇ ತಂಪು! ಬೆಳಿಗ್ಗೆ ಕಿಟಕಿ ಬೆಳಕಿಗೆ ಹಿಡಿದರೆ ಮೂರು ಟ್ಯೂಬು ಅಕ್ಕಿ ತೊಳೆದ ನೀರಿನಂತೆ ಮಬ್ಬು (ಅಂದರೆ ರೋಗಾಣು ಬೆಳೆದಿದೆ), ನಾಲ್ಕನೆಯದು ತಿಳಿ. ಎಷ್ಟು ಸಲ ನೋಡಿದರೂ ನನಗೆ ಖುಷಿಯೇ. ಒಮ್ಮೊಮ್ಮೆ ನಾಲ್ಕನೆಯದೂ ಮಬ್ಬಾಗುತ್ತದೆ. ಆ ದಿನ ವಾರ್ಡಿಗೆ ಫೋನ್ ಮಾಡಲು ಕೈ ಏಳುವುದಿಲ್ಲ.

ಬೇರೆ ಜೋಡಿಗಳಿಗೆ 96 ಗುಳಿಗಳ ತಟ್ಟೆ ಬಳಸಿ, ಎರಡು ಔಷಧಗಳನ್ನೂ ಹಂತಹಂತವಾಗಿ ತೆಳುಮಾಡಿ ನೋಡುವ ವಿಧಾನವೂ ಇದೆ. ಕೂಡಿಸಿದಾಗ ಪ್ರತಿ ಔಷಧ ಎಷ್ಟು ಕಡಿಮೆ ಸಾಕಾಯಿತು ಎಂಬುದನ್ನು ಒಂದು ಅಂಕಿಯಾಗಿ ಲೆಕ್ಕ ಹಾಕುತ್ತಾರೆ. ಅದು 0.5 ಅಥವಾ ಕಡಿಮೆ ಬಂದರೆ ಜೋಡಿ ಚೆನ್ನಾಗಿದೆ ಅಂತ. 4 ದಾಟಿದರೆ ಒಂದರ ಕಾಲನ್ನು ಇನ್ನೊಂದು ಎಳೆಯುತ್ತಿದೆ. ಅದು ಕೈಕೆಲಸ ಜಾಸ್ತಿ, ದಿನಾ ಬರುವ ಸ್ಯಾಂಪಲ್‌ಗೆ ಮಾಡುವಂಥದ್ದಲ್ಲ.

ಖರ್ಚಿನ ಮಾತಿಗೆ ಬಂದರೆ, ಟ್ಯೂಬಿನ ಪರೀಕ್ಷೆಗಿಂತ ಆ ಇಂಜೆಕ್ಷನ್‌ಗಳೇ ಬಹಳ ದುಬಾರಿ. ಕೊಡುವ ಮೊದಲು ನಾಟುತ್ತದಾ ಅಂತ ನೋಡಿಕೊಳ್ಳುವುದೇ ಲಾಭ. ಡಾಕ್ಟರು ಹೇಳಿದಂತೆ ಮಾಡಿಸಿ. ತಂದೆಯವರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಕೈಯಲ್ಲಿರಲಿ, ಎರಡೂ ಔಷಧದ ಡೋಸ್ ಕಿಡ್ನಿ ನೋಡಿಯೇ ನಿರ್ಧಾರವಾಗುವುದು.