ಕರೆಂಟ್ ಹೋದರೆ ಹಳೇ ಎವಿ ರಿಸೀವರ್ ಎಲ್ಲ ಸೆಟ್ಟಿಂಗ್ ಮರೆಯುತ್ತಿದೆ. ಬೋರ್ಡ್ ಬದಲಿಸಲೇಬೇಕಾ?

ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ನೀವು ಬರೆದಿರುವುದನ್ನು ನೋಡಿದರೆ ಹೋಗಿರುವುದು ಎರಡು ಕಾಲಿನ ಒಂದು ಸಣ್ಣ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಅನ್ನಿಸುತ್ತದೆ. ಅದಕ್ಕೆ ಇಡೀ ಬೋರ್ಡ್ ಬದಲಿಸುವುದು, ಉಂಗುಷ್ಠ ಕಿತ್ತುಹೋಯಿತು ಅಂತ ಹೊಸ ಚಪ್ಪಲಿ ಕೊಂಡ ಹಾಗೆ.

ಓದುವ ಬೇರೆಯವರಿಗೂ ತಿಳಿಯಲಿ ಅಂತ ನಿಮ್ಮ ತೊಂದರೆಯನ್ನು ಒಮ್ಮೆ ಹೇಳಿಬಿಡುತ್ತೇನೆ. 2003ರ ಸುಮಾರಿಗೆ ಕೊಂಡ 5.1 ರಿಸೀವರ್, ಅಂದರೆ ಟಿವಿ, ರೇಡಿಯೋ ಸದ್ದನ್ನು ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಹಂಚುವ ಪೆಟ್ಟಿಗೆ. ಬೆಂಗಳೂರಿನ ಮನೆ. ಸದ್ದಿನಲ್ಲಿ ಏನೂ ಕೊರತೆ ಇಲ್ಲ. ಮೊದಲೆಲ್ಲ ನಾಲ್ಕು ದಿನ ಊರಿಗೆ ಹೋಗಿ ಬಂದರೂ ಎಲ್ಲ ಇಟ್ಟ ಹಾಗೇ ಇರುತ್ತಿತ್ತು. ಈಗ ಅರ್ಧ ಗಂಟೆ ಕರೆಂಟ್ ಹೋದರೆ ಸ್ಪೀಕರ್ ದೂರ, ಲೆವೆಲ್, ಎಫ್‌ಎಂ ಪ್ರಿಸೆಟ್ ಎಲ್ಲ ಮಾಯ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗಿದರೂ ಅದೇ ಕಥೆ. ಸರ್ವೀಸ್‌ನವರು ‘ಮೇನ್ ಬೋರ್ಡ್ ಹೋಗಿದೆ, ಈಗ ಸಿಗೋದೂ ಕಷ್ಟ’ ಅಂದಿದ್ದಾರೆ.

ಮೇನ್ ಬೋರ್ಡೇ ಹೋಗಿದ್ದರೆ ರಿಸೀವರ್ ಆನ್ ಆಗುವುದೇ ಅನುಮಾನ. ಆನ್ ಆದರೂ ನಡುನಡುವೆ ಏನಾದರೂ ಹುಚ್ಚಾಟ ಆಡುತ್ತಿತ್ತು. ನಿಮ್ಮದು ಕರೆಂಟ್ ಇರುವವರೆಗೆ ಎಲ್ಲವನ್ನೂ ಸರಿಯಾಗಿ ನೆನಪಿಟ್ಟುಕೊಳ್ಳುತ್ತದೆ. ಅಂದರೆ ಮೆಮೊರಿ ಚೆನ್ನಾಗಿದೆ, ಕರೆಂಟ್ ಇಲ್ಲದಾಗ ಅದನ್ನು ಕಾಯುವ ಭಾಗ ಸೋತಿದೆ.

ಆ ಕಾಲದ ಎಷ್ಟೋ ರಿಸೀವರ್‌ಗಳಲ್ಲಿ ಸೆಟ್ಟಿಂಗ್‌ಗಳು ಮೈಕ್ರೋ ಕಂಟ್ರೋಲರ್‌ನ (ರಿಸೀವರ್ ನಡೆಸುವ ಚಿಪ್‌ನ) ರ‍್ಯಾಮ್ ಅನ್ನುವ ಮೆಮೊರಿಯಲ್ಲಿ ಇರುತ್ತಿದ್ದವು. ರ‍್ಯಾಮ್‌ಗೆ ವೋಲ್ಟೇಜ್ ತಪ್ಪಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಬಾರದು ಅಂತ ಪಕ್ಕದಲ್ಲೇ ಒಂದು ಸೂಪರ್ ಕೆಪಾಸಿಟರ್, ಅಂದರೆ ಮಾಮೂಲಿಗಿಂತ ತುಂಬ ಹೆಚ್ಚು ಚಾರ್ಜ್ ಹಿಡಿಯುವ ಕೆಪಾಸಿಟರ್ ಹಾಕುತ್ತಿದ್ದರು. ಕೆಲವು ಮಾಡೆಲ್‌ಗಳಲ್ಲಿ ಅದರ ಬದಲು 3 ವೋಲ್ಟಿನ ಲಿಥಿಯಂ ಬಿಲ್ಲೆ ಸೆಲ್ ಇರುತ್ತದೆ. ಈ ಜಾತಿಯ ಕೆಪಾಸಿಟರ್ ಹೊಸದೇನಲ್ಲ. 1978ರಲ್ಲೇ ಜಪಾನಿನ ಎನ್‌ಇಸಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತ್ತು. ಶುರುವಿನಿಂದಲೂ ಇದಕ್ಕೆ ಕೊಟ್ಟ ಕೆಲಸ ಮೆಮೊರಿ ಕಾಯುವುದೇ.

ಇದು ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. 0.1 ಫ್ಯಾರಡ್ ಕೆಪಾಸಿಟರ್ ಅಂದುಕೊಳ್ಳಿ (ಫ್ಯಾರಡ್ ಅಂದರೆ ಅದು ಚಾರ್ಜ್ ಹಿಡಿಯುವ ಶಕ್ತಿಯ ಅಳತೆ). 5 ವೋಲ್ಟಿನಿಂದ 2 ವೋಲ್ಟಿಗೆ ಇಳಿಯುವಷ್ಟರಲ್ಲಿ ಅದು 0.3 ಕೂಲಂಬ್ ಚಾರ್ಜ್ ಕೊಡುತ್ತದೆ. ನಿದ್ದೆಯಲ್ಲಿರುವ ಚಿಪ್ ಅರ್ಧ ಮೈಕ್ರೋ ಆಂಪಿಯರ್ ಎಳೆಯುತ್ತದೆ ಅಂದರೆ 6 ಲಕ್ಷ ಸೆಕೆಂಡ್ ಆಯಿತು. ಅಂದರೆ ಹತ್ತಿರ ಹತ್ತಿರ 7 ದಿನ. ಯಮಹಾದ ಆ ಕಾಲದ ಹಲವು ಮ್ಯಾನ್ಯುಯಲ್‌ಗಳಲ್ಲಿ, ಪ್ಲಗ್ ಕಿತ್ತು ಒಂದು ವಾರ ದಾಟಿದರೆ ಮೆಮೊರಿ ಅಳಿಸಿಹೋಗುತ್ತದೆ ಅನ್ನುವ ಅರ್ಥದ ಸಾಲು ಇರುವುದು ಸುಮ್ನೆ ಅಲ್ಲ. ನಿಮ್ಮದು ಅರ್ಧ ಗಂಟೆಗೇ ಕೈ ಚೆಲ್ಲುತ್ತಿದೆ. ವಯಸ್ಸಾದ ಹಾಗೆ ಇದರ ಒಳಗಿನ ದ್ರವ ಒಣಗುತ್ತದೆ. ಹಿಡಿಯುವ ಶಕ್ತಿ ಕುಗ್ಗುತ್ತದೆ, ಒಳಗೊಳಗೇ ಸೋರುವುದು ಜಾಸ್ತಿಯಾಗುತ್ತದೆ.

ಬಿಸಿ ಇದ್ದರೆ ಇನ್ನೂ ಬೇಗ. ನಮ್ಮ ಮನೆಗಳಲ್ಲಿ ರಿಸೀವರ್ ಇಡುವುದು ಟಿವಿ ಷೋಕೇಸಿನ ಒಳಗೆ. ಮೇಲೆ ಧೂಳು ಕೂರಬಾರದು ಅಂತ ಒಂದು ಕ್ರೋಷಾ ಬಟ್ಟೆ, ಅದರ ಮೇಲೆ ಸೆಟ್ ಟಾಪ್ ಬಾಕ್ಸ್. ಗಾಳಿ ಹೋಗುವ ಕಿಂಡಿಗಳೆಲ್ಲ ಮುಚ್ಚಿರುತ್ತವೆ. ಆ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಇವತ್ತೇ ತೆಗೆದುಬಿಡಿ.

ಮುಚ್ಚಳ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಇದಕ್ಕೆ ಖರ್ಚಿಲ್ಲ. ರಿಸೀವರ್ ಅನ್ನು ಒಂದು ರಾತ್ರಿ ಪೂರ್ತಿ ಪ್ಲಗ್‌ನಲ್ಲೇ ಬಿಡಿ, ಗೋಡೆಯ ಸ್ವಿಚ್ ಆನ್ ಇರಲಿ. ಬೆಳಗ್ಗೆ ಎರಡು ಸ್ಟೇಷನ್ ಪ್ರಿಸೆಟ್ ಮಾಡಿ, 101.3 ಮತ್ತು 102.9 ಅಂತಿಟ್ಟುಕೊಳ್ಳಿ. ಸ್ಪೀಕರ್ ಲೆವೆಲ್ ಒಂದನ್ನು ಬೇಕಂತಲೇ ಬದಲಿಸಿ. ಆಮೇಲೆ ರಿಮೋಟ್‌ನಿಂದ ಸ್ಟ್ಯಾಂಡ್‌ಬೈಗೆ ಹಾಕಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ನೆನಪಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ. ಅದೂ ದಾಟಿದರೆ ಒಂದು ಗಂಟೆ. ನಡುನಡುವೆ ಮತ್ತೆ ಕೆಲವು ಗಂಟೆ ಪ್ಲಗ್‌ನಲ್ಲಿಟ್ಟು ಚಾರ್ಜ್ ಆಗಲು ಬಿಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎಷ್ಟು ಹೊತ್ತಿಗೆ ಮರೆಯುತ್ತದೆ ಅನ್ನುವುದೇ ರೋಗದ ಹೆಸರು ಹೇಳುತ್ತದೆ. ಕೆಲವು ನಿಮಿಷ ತಡೆದು ಆಮೇಲೆ ಮರೆತರೆ ಕೆಪಾಸಿಟರ್ ಸತ್ತಿಲ್ಲ, ಸೋತಿದೆ. ಪ್ಲಗ್ ಕಿತ್ತ ಕ್ಷಣಕ್ಕೇ ಮರೆತರೆ ಅದು ಪೂರ್ತಿ ಹೋಗಿರಬೇಕು, ಅಥವಾ ಅದರ ದಾರಿಯಲ್ಲಿರುವ ಡಯೋಡ್, ರೆಸಿಸ್ಟರ್, ಬೋರ್ಡಿನ ಗೆರೆ ಇವುಗಳಲ್ಲಿ ಯಾವುದೋ ಒಂದು ಕಿತ್ತಿರಬೇಕು. ಪ್ಲಗ್ ಕೀಳದೆಯೇ, ಚಾಲೂ ಇರುವಾಗಲೇ ಮರೆತರೆ ಅದು ಬೇರೆಯೇ ತೊಂದರೆ. ಅದನ್ನು ಕೆಳಗೆ ಹೇಳುತ್ತೇನೆ.

ಹಾಗೆಯೇ, ಇಂಟರ್‌ನೆಟ್‌ನಲ್ಲಿ ಎಲ್ಲರೂ ಹೇಳುವ ‘ಫ್ಯಾಕ್ಟರಿ ರಿಸೆಟ್ ಮಾಡಿ’ ಅನ್ನುವ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಮೆಮೊರಿ ಅಳಿಸುವ ದಾರಿ. ನಿಮ್ಮ ರಿಸೀವರ್ ಆ ಕೆಲಸವನ್ನು ತಾನಾಗಿಯೇ ಮಾಡುತ್ತಿದೆ ಅಲ್ವಾ?

ಇನ್ನು ಒಳಗೆ ನೋಡುವ ವಿಷಯ. ನಿಮಗೆ ಬೆಸುಗೆ ಹಾಕಿ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಇದನ್ನು ಓದಿಕೊಂಡು ಬಲ್ಲವರ ಕೈಯಲ್ಲಿ ಮಾಡಿಸಿ. ರಿಸೀವರ್ ಸ್ಟ್ಯಾಂಡ್‌ಬೈನಲ್ಲಿದ್ದರೂ ಒಳಗೆ 230 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ದಪ್ಪ ಕೆಪಾಸಿಟರ್‌ಗಳು ಸ್ವಲ್ಪ ಹೊತ್ತು ಚಾರ್ಜ್ ಹಿಡಿದುಕೊಂಡಿರುತ್ತವೆ. ಅವುಗಳ ಕಾಲಿನ ವೋಲ್ಟೇಜ್ ಇಳಿದಿದೆಯೇ ಅಂತ ಮೀಟರ್‌ನಲ್ಲಿ ನೋಡದೆ ಕೈ ಹಾಕಬಾರದು.

ನಮ್ಮ ಮನೆಯ ರಿಸೀವರ್‌ಗೂ ಇದೇ ಆಗಿತ್ತು. ಬೇಕಾದ ಕೆಪಾಸಿಟರ್ ಮುಂದಿನ ಪ್ಯಾನೆಲ್‌ನಲ್ಲಿ, ಡಿಸ್‌ಪ್ಲೇ ಹಿಂದಿನ ಬೋರ್ಡಿನಲ್ಲಿ ಇತ್ತು. ಹೆಚ್ಚಾಗಿ ಅಲ್ಲೇ ಇರುತ್ತದೆ, ಮೈಕ್ರೋ ಕಂಟ್ರೋಲರ್‌ನ ಹತ್ತಿರ. ಅಡ್ಡಳತೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ನೆಟ್ಟಗೆ ನಿಂತ ಕರಿ ಬಿಲ್ಲೆ. ಮೇಲೆ ‘5.5ವಿ 0.1ಎಫ್’ ಅಂತ ಬರೆದಿತ್ತು. ನಿಮ್ಮದರಲ್ಲಿ 0.047 ಅಂತಲೋ 0.22 ಅಂತಲೋ ಇರಬಹುದು. ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿತ್ತು. ಒಂದು ಕಾಲಿನ ಬುಡದಲ್ಲಿ ಉಪ್ಪು ಕೂತ ಹಾಗೆ ಬಿಳಿ ಪುಡಿ, ಅದರ ಅಂಚು ತುಸು ಹಸಿರು. ಪ್ಲಗ್ ಕಿತ್ತ ಕೂಡಲೇ ಅದರ ಕಾಲುಗಳ ನಡುವೆ ಮೀಟರ್ 4.8 ವೋಲ್ಟ್ ತೋರಿಸಿತು. ಎರಡು ನಿಮಿಷಕ್ಕೆ 3ರ ಹತ್ತಿರ ಬಂತು. ಐದು ನಿಮಿಷಕ್ಕೆ 2ಕ್ಕಿಂತ ಕೆಳಗೆ. ಚೆನ್ನಾಗಿರುವ ಕೆಪಾಸಿಟರ್ ಆಗಿದ್ದರೆ ಅಷ್ಟು ಹೊತ್ತಿಗೆ ವೋಲ್ಟೇಜ್ ಹೆಚ್ಚೂ ಕಡಿಮೆ ಅಲ್ಲೇ ನಿಂತಿರಬೇಕು.

ಅಳೆಯುವಾಗ ಒಂದು ಎಚ್ಚರ. ಮೀಟರ್ ಕಡ್ಡಿಯನ್ನು ಒತ್ತಿ ಹಿಡಿದುಕೊಂಡೇ ಕೂರಬೇಡಿ. ಸಾಮಾನ್ಯ ಡಿಜಿಟಲ್ ಮೀಟರ್‌ನ ಒಳಗೆ 10 ಮೆಗಾ ಓಮ್ ರೆಸಿಸ್ಟೆನ್ಸ್ ಇರುತ್ತದೆ. 5 ವೋಲ್ಟಿಗೆ ಅದೇ ಅರ್ಧ ಮೈಕ್ರೋ ಆಂಪಿಯರ್ ಎಳೆಯುತ್ತದೆ. ಮೇಲಿನ ಲೆಕ್ಕದಲ್ಲಿ ಚಿಪ್ ಎಳೆಯುವಷ್ಟೇ! ಮುಟ್ಟಿಸಿ, ಓದಿ, ತೆಗೆಯಿರಿ.

ಹೊಸ ಕೆಪಾಸಿಟರ್ ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್‌ನಲ್ಲಿ ಹುಡುಕಿ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಸಾಮಾನ್ಯವಾಗಿ ನೂರಿನ್ನೂರು ರೂಪಾಯಿ ಒಳಗೇ ಸಿಗುತ್ತದೆ. ವೋಲ್ಟೇಜ್ 5.5 ಇರಲೇಬೇಕು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ 2.7 ವೋಲ್ಟಿನ ಸಿಲಿಂಡರ್ ಆಕಾರದ್ದನ್ನು ತರಬೇಡಿ. ಫ್ಯಾರಡ್ ಮೊದಲಿದ್ದಷ್ಟೇ ಇರಲಿ, 0.1 ಇದ್ದ ಕಡೆ 0.22 ಹಾಕಿದರೂ ನಡೆಯುತ್ತದೆ. ಅದಕ್ಕಿಂತ ದೊಡ್ಡದು ಹಾಕಿದರೆ ತುಂಬಲು ಹೊತ್ತು ಹಿಡಿಯುತ್ತದೆ, ಲಾಭ ಅಷ್ಟಕ್ಕಷ್ಟೇ. ಕಾಲುಗಳ ನಡುವಿನ ಅಂತರ ಮೊದಲೇ ಅಳೆದುಕೊಂಡು ಹೋಗಿ. ಹಳೆಯದನ್ನು ಕೀಳುವ ಮೊದಲು ಮೈನಸ್ ಯಾವ ಕಡೆ ಇದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಿತ್ತ ಮೇಲೆ ಆ ಬಿಳಿ ಪುಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್ ಬ್ರಷ್‌ನಿಂದ ಪೂರ್ತಿ ತೊಳೆಯಬೇಕು. ಪುಡಿ ಉಳಿದರೆ ಬೋರ್ಡಿನ ತಾಮ್ರದ ಗೆರೆಯನ್ನು ತಿನ್ನುತ್ತಾ ಹೋಗುತ್ತದೆ. ಆಗ ಸರ್ವೀಸ್‌ನವರ ಮಾತು ನಿಜ ಆಗಿಬಿಡುತ್ತದೆ, ಬೋರ್ಡೇ ಹೋಗುತ್ತದೆ.

ಎರಡು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ‘ಅದು ಸಿಗಲಿಲ್ಲ, ಮಾಮೂಲಿ 4700 ಮೈಕ್ರೋ ಫ್ಯಾರಡ್ ಹಾಕಿದೀನಿ ಸಾರ್’ ಅನ್ನುವವರು ಇದ್ದಾರೆ. ಅಂಥ ಮಾಮೂಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತನ್ನೊಳಗೇ ಸೋರುವುದು ಜಾಸ್ತಿ, ಹೆಚ್ಚು ಹೊತ್ತು ಕಾಯುವುದಿಲ್ಲ. ಇನ್ನೊಂದು ಅಪಾಯದ್ದು. ಕೆಪಾಸಿಟರ್ ಇದ್ದ ಜಾಗಕ್ಕೆ ನೇರವಾಗಿ ಸಿಆರ್ 2032 ಅನ್ನುವ 3 ವೋಲ್ಟಿನ ಬಿಲ್ಲೆ ಸೆಲ್ ಬೆಸೆಯುವುದು. ಆ ಸರ್ಕ್ಯೂಟ್ ಕೆಪಾಸಿಟರ್‌ಗೆ ಚಾರ್ಜ್ ತುಂಬುತ್ತದೆ. ಸಿಆರ್ 2032 ಚಾರ್ಜ್ ಮಾಡುವ ಸೆಲ್ ಅಲ್ಲ. ಬಿಸಿಯಾಗಿ ಸೋರಬಹುದು, ಸಿಡಿಯಲೂಬಹುದು.

ನಿಮ್ಮ ಮಾಡೆಲ್‌ನಲ್ಲಿ ಮೊದಲಿಂದಲೇ ಲಿಥಿಯಂ ಸೆಲ್ ಇದ್ದರೆ ಕೆಲಸ ಇನ್ನೂ ಸುಲಭ. 3 ವೋಲ್ಟ್ ಇರಬೇಕಾದದ್ದು 2.5ರ ಕೆಳಗೆ ಬಂದಿದ್ದರೆ ಅದೇ ನಂಬರಿನ, ಕಾಲು ಬೆಸೆದ ಸೆಲ್ ತಂದು ಹಾಕಿಸಿ.

ಈಗ ಚಾಲೂ ಇರುವಾಗಲೇ ಮರೆಯುವವರ ವಿಷಯ. ನಿಮಗೆ ಅಲ್ಲ, ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು. ಬೋರ್‌ವೆಲ್ ಮೋಟಾರ್ ಶುರುವಾದಾಗ, ಎಸಿ ಕಂಪ್ರೆಸರ್ ಎದ್ದಾಗ ದೀಪ ಒಂದು ಕ್ಷಣ ಮಂಕಾಗುತ್ತದಲ್ಲ, ಅದೇ ಹೊತ್ತಿಗೆ ರಿಸೀವರ್ ಆಫ್ ಆಗಿ ಹೊಸದರಂತೆ ಏಳುತ್ತದಾ ಗಮನಿಸಿ. ಹೌದಾದರೆ ಸ್ಟ್ಯಾಂಡ್‌ಬೈ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ. ಚಿಪ್‌ಗೆ ಸಿಗಬೇಕಾದ 5 ವೋಲ್ಟ್ ಆ ಕ್ಷಣ ಕುಸಿಯುತ್ತದೆ. ಅದನ್ನು ಮೆಕ್ಯಾನಿಕ್ ಕೈಯಲ್ಲೇ ನೋಡಿಸಿ.

ಹೊಸ ರಿಸೀವರ್‌ಗಳದ್ದು ಬೇರೆ ಕಥೆ. ಅವುಗಳಲ್ಲಿ ಸೆಟ್ಟಿಂಗ್ ಫ್ಲ್ಯಾಷ್ ಮೆಮೊರಿಯಲ್ಲಿ ಇರುತ್ತದೆ, ಕರೆಂಟ್ ಇಲ್ಲದೆಯೂ ಉಳಿಯುತ್ತದೆ. ಆದರೆ ಕೆಲವು ಮಾಡೆಲ್‌ಗಳು ಸ್ಟ್ಯಾಂಡ್‌ಬೈಗೆ ಹೋಗುವಾಗ ಮಾತ್ರ ಬರೆದಿಡುತ್ತವೆ. ರಿಮೋಟ್ ಒತ್ತದೆ ಗೋಡೆಯ ಸ್ವಿಚ್ ತಟ್ಟಿದರೆ ಕೊನೆಯ ಬದಲಾವಣೆ ಹೋಯಿತು ಅಂತಲೇ. ಮೊದಲು ಸ್ಟ್ಯಾಂಡ್‌ಬೈ, ಒಳಗಿನ ರಿಲೇ ಟಿಕ್ ಅಂದ ಮೇಲೆ ಗೋಡೆಯ ಸ್ವಿಚ್. ಇನ್ನು ಟಿವಿ ಆನ್ ಮಾಡಿದ ಕೂಡಲೇ ಇನ್‌ಪುಟ್ ಬದಲಾದರೆ ಅದು ಮರೆವಲ್ಲ, ಎಚ್‌ಡಿಎಂಐ ಸಿಇಸಿ (ಕೇಬಲ್ ಮೂಲಕ ಟಿವಿ ಮತ್ತು ರಿಸೀವರ್ ಒಂದನ್ನೊಂದು ನಡೆಸುವ ಸೌಲಭ್ಯ) ಮಾಡುವ ಕಿತಾಪತಿ. ಮೆನುವಿನಲ್ಲಿ ಆಫ್ ಮಾಡಬಹುದು.

ರಿಪೇರಿ ಆಗುವವರೆಗೆ ನೀವು ಒಂದು ಕೆಲಸ ಮಾಡಿ. ಸೆಟಪ್ ಮೆನುವಿನ ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರಿ ಗೋಡೆಯ ಸ್ವಿಚ್ ಆನ್ ಬಿಡಿ. ಸ್ಟ್ಯಾಂಡ್‌ಬೈನಲ್ಲಿ ಒಂದು ವ್ಯಾಟ್ ಎಳೆದರೆ ವರ್ಷಕ್ಕೆ 9 ಯೂನಿಟ್ ಕೂಡ ಆಗುವುದಿಲ್ಲ. ಗುಡುಗು ಸಿಡಿಲಿನ ದಿನ ಮಾತ್ರ ಪ್ಲಗ್ ಕಿತ್ತುಬಿಡಿ. ಸೆಟ್ಟಿಂಗ್ ಮತ್ತೆ ಹಾಕಬಹುದು, ರಿಸೀವರ್ ಸುಟ್ಟರೆ ಏನೂ ಮಾಡಲಾಗದು.

ಸರ್ವೀಸ್ ಅಂಗಡಿಗೆ ಮತ್ತೆ ಹೋದರೆ ‘ಮೆಮೊರಿ ಹೋಗ್ತಿದೆ’ ಅಂತ ಮಾತ್ರ ಹೇಳಬೇಡಿ. ‘ಪ್ಲಗ್ ಕಿತ್ತು ಇಷ್ಟು ನಿಮಿಷಕ್ಕೆ ಮರೆಯುತ್ತೆ, ಮೆಮೊರಿ ಬ್ಯಾಕಪ್ ಕೆಪಾಸಿಟರ್ ನೋಡಿ, ಕಿತ್ತ ಹಳೇದನ್ನು ನನಗೇ ವಾಪಸ್ ಕೊಡಿ’ ಅನ್ನಿ. ಹೊಸದು ಹಾಕಿದ ಮೇಲೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ ‘ಇನ್ನೂ ಸರಿಯಾಗಿಲ್ಲ’ ಅಂತ ಜಗಳ ಆಡಬೇಡಿ. ಅದು ಪೂರ್ತಿ ತುಂಬಲು ಒಂದು ರಾತ್ರಿ ಕೊಡಿ. ರಿಸೀವರ್ ಅಮೆರಿಕದಿಂದ ತಂದದ್ದಾಗಿದ್ದರೆ, ಮೆಮೊರಿ ಅಳಿಸಿದಾಗ ಟ್ಯೂನರ್‌ನ ಎಎಂ ಸ್ಟೆಪ್ (ಎಎಂ ರೇಡಿಯೋದಲ್ಲಿ ಒಂದು ಸಲಕ್ಕೆ ಎಷ್ಟು ಮುಂದೆ ಹೋಗಬೇಕು ಅನ್ನುವ ಅಂತರ) 10 ಕಿಲೋಹರ್ಟ್ಸ್‌ಗೆ ಹೋಗಿ ಕೂತಿರುತ್ತದೆ. 9ಕ್ಕೆ ಬದಲಿಸಿ, ಇಲ್ಲದಿದ್ದರೆ ಬೆಂಗಳೂರು ಆಕಾಶವಾಣಿಯ 612 ಸಿಗುವುದಿಲ್ಲ, 610ಕ್ಕೆ ಬಂದು ನಿಲ್ಲುತ್ತದೆ.