ಕ್ವಿಲ್ಟ್ ಟ್ರೇಲ್: ಹಲಗೆ ಎಷ್ಟು ದೊಡ್ಡದು, ಎಷ್ಟು ಬಾರ್ನ್‌ಗಳಿಂದ ಶುರು?

ನಮಸ್ಕಾರ. ಅಮೆರಿಕದ ಒಹಾಯೋದ ನಿಮ್ಮ ಹಳ್ಳಿಯ ಬಾರ್ನ್‌ಗಳ (ಹುಲ್ಲು, ದನ ಇಡುವ ದೊಡ್ಡ ಕೊಟ್ಟಿಗೆಗಳ) ಮೇಲೆ ಕ್ವಿಲ್ಟ್, ಅಂದರೆ ಬಟ್ಟೆ ತುಂಡು ಸೇರಿಸಿ ಹೊಲಿದ ಹೊದಿಕೆಯ ಮಾದರಿಯ ಚೌಕಗಳನ್ನು ಹಲಗೆಯಲ್ಲಿ ಬರೆಸಿ, ಜನ ಕಾರಿನಲ್ಲಿ ಸುತ್ತಿ ನೋಡುವ ಒಂದು ಟ್ರೇಲ್ ಮಾಡಬೇಕು, ಹಲಗೆ ಎಷ್ಟು ದೊಡ್ಡದಿರಬೇಕು, ಎಷ್ಟರಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ದೊಡ್ಡ ಬಾರ್ನ್‌ಗೆ 8 ಅಡಿಗೆ 8 ಅಡಿ ಚೌಕ ಸರಿ. 4 ಅಡಿಗೆ 8 ಅಡಿಯ ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಆಯಿತು. ಮಾಮೂಲಿ ಪ್ಲೈವುಡ್ ಬೇಡ, ಬೋರ್ಡ್ ಬರೆಯುವವರು ಬಳಸುವ, ಮೇಲೆ ರಾಳದ ಕಾಗದ ಅಂಟಿಸಿದ ಎಂಡಿಒ ಪ್ಲೈವುಡ್ ಕೇಳಿ. ಮುಂದೆ, ಹಿಂದೆ, ಮುಖ್ಯವಾಗಿ ಅಂಚಿಗೆ ಎರಡು ಕೋಟ್ ಪ್ರೈಮರ್ ಬಳಿಯಿರಿ. ನಮ್ಮ ಮೊದಲ ಹಲಗೆಯಲ್ಲಿ ಅಂಚು ಬಿಟ್ಟಿದ್ದೆವು. ಒಂದೇ ಚಳಿಗಾಲಕ್ಕೆ ನೀರು ಕುಡಿದು, ನೆನೆಸಿದ ಅವಲಕ್ಕಿ ಥರ ಉಬ್ಬಿತ್ತು! ಗೆರೆ ನೇರ ಬರಲು ಟೇಪ್ ಅಂಟಿಸಿ, ಬಣ್ಣ ಪೂರ್ತಿ ಒಣಗುವ ಮೊದಲೇ ಕೀಳಿ.

ವಿನ್ಯಾಸ ಸರಳವಾಗಿರಲಿ. ಓಡುವ ಕಾರಿನಿಂದ ಸಣ್ಣ ತುಂಡುಗಳು ಕಲಸಿದ ಹಾಗೆ ಕಾಣುತ್ತವೆ. ನಮ್ಮ ಕೌದಿಯ ಹಾಗೆ ಸಿಕ್ಕ ತುಂಡೆಲ್ಲ ಸೇರಿಸುವ ಆಸೆ ನನಗೂ ಇತ್ತು, ದೂರದಿಂದ ಏನೂ ತಿಳಿಯಲಿಲ್ಲ.

ಸಂಖ್ಯೆಗೆ ಹೆದರಬೇಡಿ. ನಿಮ್ಮ ರಾಜ್ಯದ ಆಡಮ್ಸ್ ಕೌಂಟಿಯಲ್ಲಿ ಡಾನಾ ಸ್ಯೂ ಗ್ರೋವ್ಸ್ ಅಮ್ಮನಿಗೋಸ್ಕರ ತಮ್ಮ ಬಾರ್ನ್ ಮೇಲೆ ಒಂದೇ ಒಂದು ಚೌಕ ಬರೆಸಲು ಹೊರಟಿದ್ದರು. ಅದೇ ಬೆಳೆದು 2001ರಲ್ಲಿ ಟ್ರೇಲ್ ಆಗಿ ಶುರುವಾಯಿತು. ನೀವು ಐದಾರು ಹಾಕಿ, ಸಾಕು. ಆದರೆ ಎಲ್ಲವೂ ಒಂದೇ ಸುತ್ತಿನಲ್ಲಿ, ರಸ್ತೆಯಿಂದಲೇ ಕಾಣುವ ಹಾಗಿರಲಿ, ಕಾರು ನಿಲ್ಲಿಸಲು ಜಾಗವಿರಲಿ. ಬಾರ್ನ್ ಯಜಮಾನರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಹಾಗೇ ಅವರ ಅಜ್ಜಿ ಹೊಲಿದ ಕ್ವಿಲ್ಟ್ ಮನೆಯಲ್ಲಿ ಇದೆಯಾ ಅಂತಲೂ ಕೇಳಿ. ಇದ್ದರೆ ಆ ಮಾದರಿಯನ್ನೇ ಬರೆಸಿ.